ಟ್ರ್ಯಾಕ್ಟರ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ: ರೊಕ್ಕ ಕೊಡುವ ಮೊದಲು ಮಾಡಬೇಕಾದ ಲೆಕ್ಕ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನಲ್ಲಿ ದಸರಾ, ದೀಪಾವಳಿ ಪಾಡ್ಯ, ಯುಗಾದಿ ಬಂತೆಂದರೆ ಹೊಸ ಟ್ರ್ಯಾಕ್ಟರ್‌ಗಳು ಊರಿಗೆ ಬರುತ್ತವೆ. ಎರಡು-ಮೂರು ವರ್ಷ ಕಳೆದ ಮೇಲೆ ಅದೇ ಮನೆಗಳಿಂದ ನನಗೆ ಒಂದೇ ತರಹದ ಫೋನ್ ಬರುತ್ತದೆ. "ವಾರಂಟಿ ಹೆಚ್ಚಿಗೆ ತಗೊಂಡಿದ್ವಿ. ಈಗ ಹೈಡ್ರಾಲಿಕ್ ಪಂಪ್ ಹೋಗಿದೆ. ಇದು ಅದರಲ್ಲಿ ಬರಲ್ಲ ಅಂತಾರೆ. ಏನು ಮಾಡೋದು?" ಉಮದಿಯವರದೂ ಇದೇ ಮಾತು, ಸಂಖದವರದೂ ಇದೇ, ಆಚೆ ಅಕ್ಕಲಕೋಟೆ ಕಡೆಯವರದೂ ಇದೇ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ದರ ಕೇಳುತ್ತಾರೆ. ಕಾಗದ ಓದುವುದು ಕೊನೆಗೆ, ಅದೂ ಗಾಡಿ ಕೆಟ್ಟು ನಿಂತ ಮೇಲೆ. ಕೆಳಗಿನ ಹಂತಗಳಲ್ಲಿ ದರದ ಮಾತು ಐದನೆಯದಾಗಿ ಬರುತ್ತದೆ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ. ಮೊದಲ ಮೂರು ಹಂತ ಮುಗಿಯುವಷ್ಟರಲ್ಲೇ ಬಹಳ ಜನಕ್ಕೆ ಉತ್ತರ ಸಿಕ್ಕಿರುತ್ತದೆ.

## ಕೂರುವ ಮೊದಲು ಕೈಯಲ್ಲಿ ಏನಿರಬೇಕು

ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕ, ಅದರಲ್ಲಿ ವಾರಂಟಿಯ ಪುಟ. ಎಕ್ಸ್‌ಟೆಂಡೆಡ್ ವಾರಂಟಿಯ, ಅಂದರೆ ಮೂಲ ವಾರಂಟಿ ಮುಗಿದ ಮೇಲಿನ ಅವಧಿಗೆ ಬೇರೆ ರೊಕ್ಕ ಕೊಟ್ಟು ಕೊಳ್ಳುವ ವಾರಂಟಿಯ, ಷರತ್ತುಗಳ ಪೂರ್ತಿ ಪ್ರತಿ. ಬಣ್ಣದ ಪಾಂಪ್ಲೆಟ್ ಸಾಲದು. ಸಾಲದ ಕಾಗದ. ಒಂದು ನೋಟ್‌ಬುಕ್. ಹಳೇ ಟ್ರ್ಯಾಕ್ಟರ್ ಇದ್ದರೆ ಅದರ ಅವರ್ ಮೀಟರಿನ (ಇಂಜಿನ್ ಎಷ್ಟು ತಾಸು ಓಡಿದೆ ಎಂದು ತೋರಿಸುವ ಮೀಟರ್) ಓದು.

ಇನ್ನೊಂದು ಮುಖ್ಯ. ನಮ್ಮ ಕಡೆ ಕಾಗದ ಮರಾಠಿಯಲ್ಲಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನಮಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ, ಕರಾರುಪತ್ರದ ಮರಾಠಿ ಬರುವುದಿಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಊರಿನ ಮಾಸ್ತರರನ್ನೋ ಕಾಲೇಜಿಗೆ ಹೋಗುವ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ಎರಡು ತಾಸಿನ ಕೆಲಸ.

## ಹಂತ 1: ಡೆಲಿವರಿ ದಿನ ಸಹಿ ಮಾಡಬೇಡಿ, ಕೊನೆಯ ತಾರೀಖು ಕೇಳಿ

ಗಾಡಿಗೆ ಪೂಜೆ ಆಗಿದೆ, ಮನೆಯವರೆಲ್ಲ ಬಂದಿದ್ದಾರೆ, ಪೇಢೆ ಹಂಚುತ್ತಿದ್ದಾರೆ. ಆ ಹೊತ್ತಿಗೆ ಒಂದು ಫಾರಂ ಮುಂದಿಡುತ್ತಾರೆ. ಲಕ್ಷಗಟ್ಟಲೆ ಕೊಟ್ಟ ದಿನ ಹತ್ತು-ಹದಿನೈದು ಸಾವಿರ ಸಣ್ಣದಾಗಿ ಕಾಣುತ್ತದೆ, ಅಲ್ವಾ?

ಒಂದೇ ಪ್ರಶ್ನೆ ಕೇಳಿ: "ಇದನ್ನ ಎಂದಿನವರೆಗೆ ತಗೋಬಹುದು?" ಎಷ್ಟೋ ಯೋಜನೆಗಳನ್ನು ಖರೀದಿಯ ನಂತರವೂ ಕೆಲವು ತಿಂಗಳು, ಇಲ್ಲವೇ ಮೂಲ ವಾರಂಟಿ ಮುಗಿಯುವವರೆಗೂ ಕೊಳ್ಳಲು ಬರುತ್ತದೆ. ತಾರೀಖನ್ನು ಬರೆದು ಕೊಡಲು ಹೇಳಿ. ತಡವಾದರೆ ದರ ಏರುತ್ತದೆಯೇ ಎಂದೂ ಕೇಳಿ. ಏರಿದರೂ ಪರವಾಗಿಲ್ಲ. ಆರು ತಿಂಗಳು ಗಾಡಿ ಓಡಿಸಿ ನೋಡಿದ ಮೇಲೆ ನಿಮಗೆ ಗೊತ್ತಿರುವಷ್ಟು ಡೆಲಿವರಿ ದಿನ ಯಾರಿಗೂ ಗೊತ್ತಿರುವುದಿಲ್ಲ.

ಎಚ್ಚರಿಕೆಯ ಗುರುತು: "ಇವತ್ತು ಮಾತ್ರ, ನಾಳೆ ಸಿಗಲ್ಲ" ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ತೋರಿಸಲು ಹಿಂದೆ ಮುಂದೆ ನೋಡುವುದು.

## ಹಂತ 2: ಈಗಾಗಲೇ ಇರುವ ವಾರಂಟಿ ಎಷ್ಟು?

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಟ್ರ್ಯಾಕ್ಟರಿನ ವಾರಂಟಿಗೆ ಎರಡು ಗಡಿಯಾರ ಇರುತ್ತವೆ. ಒಂದು ವರ್ಷದ್ದು, ಇನ್ನೊಂದು ತಾಸಿನದು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಕೆಲವು ಮಾಡೆಲ್‌ಗಳಿಗೆ 2 ವರ್ಷ ಅಥವಾ 2000 ತಾಸು ಇರುತ್ತದೆ. ಕೆಲವಕ್ಕೆ 5 ವರ್ಷ ಅಥವಾ 5000 ತಾಸು. 6 ವರ್ಷ ಕೊಡುವ ಕಂಪನಿಗಳೂ ಇವೆ.

ದೊಡ್ಡ ಸಂಖ್ಯೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಪೂರ್ತಿ ಗಾಡಿಗೆ ಮೊದಲ ಕೆಲವು ವರ್ಷ, ಉಳಿದ ವರ್ಷಗಳಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಮಾತ್ರ ಎಂದು ಒಳಗೆ ಬರೆದಿರಬಹುದು. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಪೂರ್ತಿ ಗಾಡಿಗೆ ಎಲ್ಲಿಯವರೆಗೆ, ಇಂಜಿನ್-ಗೇರ್‌ಬಾಕ್ಸಿಗೆ ಎಲ್ಲಿಯವರೆಗೆ. ಈಗಿರುವ ವಾರಂಟಿಯೇ 5-6 ವರ್ಷ ಪೂರ್ತಿ ಗಾಡಿಗೆ ಇದ್ದರೆ, ನನ್ನ ಮಟ್ಟಿಗೆ ಮಾತು ಇಲ್ಲಿಗೇ ಮುಗಿಯಿತು. ಮೇಲೆ ರೊಕ್ಕ ಹಾಕಬೇಡಿ.

ಬ್ಯಾಟರಿ, ಟಯರ್‌ಗಳಿಗೆ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದವರದೇ ಬೇರೆ ವಾರಂಟಿ ಇರುತ್ತದೆ. ಆ ಕಾರ್ಡುಗಳನ್ನೂ ಕೇಳಿ ಪಡೆಯಿರಿ.

## ಹಂತ 3: ನಿಮ್ಮ ತಾಸು ಎಣಿಸಿ

ಇಡೀ ನಿರ್ಧಾರ ನಿಂತಿರುವುದು ಈ ಹಂತದ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲನೆಯವರು ಮನೆಯ ಹೊಲ ಮಾತ್ರ ಮಾಡುವವರು. ಎಂಟು ಎಕರೆ, ಜೋಳ, ತೊಗರಿ. ಉಳುಮೆ, ಹರಗುವುದು, ಬಿತ್ತನೆ, ಗೊಬ್ಬರ ಹೇರುವುದು. ವರ್ಷಕ್ಕೆ 350 ತಾಸು ಎಂದಿಟ್ಟುಕೊಳ್ಳಿ. ಎರಡು ವರ್ಷದ ಮೂಲ ವಾರಂಟಿ ಮುಗಿಯುವಾಗ ಮೀಟರಿನಲ್ಲಿ 700 ತಾಸು. ಎಕ್ಸ್‌ಟೆಂಡೆಡ್ ಸೇರಿಸಿ ನಾಲ್ಕು ವರ್ಷ ಆದಾಗ 1400. ಅಂದರೆ ಮೊದಲ 2000 ತಾಸನ್ನೂ ಇವರು ಮುಟ್ಟಿಲ್ಲ. ಕಾರ್ಖಾನೆಯಲ್ಲೇ ಉಳಿದ ದೋಷ ಸಾಮಾನ್ಯವಾಗಿ ಮೊದಲ ಕೆಲವು ನೂರು ತಾಸಿನಲ್ಲಿ ಹೊರಗೆ ಬರುತ್ತದೆ. ಸವೆತ ಬಹಳ ತಡವಾಗಿ ಬರುತ್ತದೆ, ಬಂದರೂ ವಾರಂಟಿಗೆ ಸೇರುವುದಿಲ್ಲ. ಇವರು ಕೊಡುವ ರೊಕ್ಕ ನಡುವಿನ ಶಾಂತ ಕಾಲಕ್ಕೆ ಹೋಗುತ್ತದೆ.

ಎರಡನೆಯವರು ಬಾಡಿಗೆ ಹೊಡೆಯುವವರು. ಬೇಸಿಗೆಯಲ್ಲಿ ರೋಟಾವೇಟರ್, ಆಮೇಲೆ ಫ್ಯಾಕ್ಟರಿಗೆ ಕಬ್ಬು. ವರ್ಷಕ್ಕೆ 1200 ತಾಸು ಎಂದರೆ 20 ತಿಂಗಳಲ್ಲೇ 2000 ತಾಸು ಮುಗಿಯಿತು. ಕಾರ್ಡಿನಲ್ಲಿ 2 ವರ್ಷ ಎಂದಿದ್ದರೂ ಇವರ ವಾರಂಟಿ ನಾಲ್ಕು ತಿಂಗಳು ಮೊದಲೇ ಹೋಗಿರುತ್ತದೆ. ಎಕ್ಸ್‌ಟೆಂಡೆಡ್‌ನಲ್ಲಿ ಇನ್ನೂ 2000 ತಾಸು ಸಿಕ್ಕರೆ ಮತ್ತೆ 20 ತಿಂಗಳು, ಅದೂ ಗಾಡಿ ಬೆವರು ಹರಿಸಿ ದುಡಿಯುವ ಕಾಲದಲ್ಲಿ. ಇವರಿಗೆ ಉಪಯೋಗ ಇದೆ. ಆದರೆ ನಾಲ್ಕನೇ ಹಂತದಲ್ಲಿ ಒಂದು ದೊಡ್ಡ ಅಡ್ಡಿ ಕಾದಿದೆ.

ಮೂರನೆಯವರು ದ್ರಾಕ್ಷಿ, ದಾಳಿಂಬೆ ಮಾಡುವವರು. ಮೂರು ಎಕರೆ ತೋಟ ಇದ್ದವರು "ನಮ್ಮದು ಕಡಿಮೆ ಕೆಲಸ" ಎಂದುಕೊಳ್ಳುತ್ತಾರೆ. ಆದರೆ ಔಷಧಿ ಹೊಡೆಯುವ ದಿನಗಳಲ್ಲಿ ಮಿನಿ ಟ್ರ್ಯಾಕ್ಟರ್ ಬ್ಲೋವರ್ ಕಟ್ಟಿಕೊಂಡು ದಿನ ಬಿಟ್ಟು ದಿನ ಓಡುತ್ತದೆ. ಬ್ಲೋವರಿಗೆ ಇಂಜಿನ್ನಿನ ಶಕ್ತಿ ಕೊಡುವ ಹಿಂದಿನ ಶಾಫ್ಟ್, ಅಂದರೆ ಪಿಟಿಓ, ತಿರುಗುತ್ತಲೇ ಇರುತ್ತದೆ. ಎಕರೆ ನೋಡಿ ತಾಸು ಅಂದಾಜು ಮಾಡಬೇಡಿ. ಎರಡು ತಿಂಗಳು ಪ್ರತಿ ಭಾನುವಾರ ಮೀಟರ್ ಓದಿ ಬರೆದಿಡಿ. ಒಂದು ಬಿಡುವಿನ ತಿಂಗಳು, ಒಂದು ಕೆಲಸದ ತಿಂಗಳು ಸಿಕ್ಕರೆ ವರ್ಷದ ಲೆಕ್ಕ ಸಿಕ್ಕಂತೆ.

ಹಳೇ ಮಾದರಿಯ, ಇಂಜಿನ್ ಸುತ್ತಿನ ಮೇಲೆ ಓಡುವ ಮೀಟರ್ ಕೈಗಡಿಯಾರಕ್ಕೆ ಸರಿಯಾಗಿ ನಡೆಯುವುದಿಲ್ಲ. ಕಡಿಮೆ ರೇಸಿನಲ್ಲಿ ನಿಧಾನ ಏರುತ್ತದೆ. ವಾರಂಟಿಗೆ ಲೆಕ್ಕ ಮೀಟರಿನದೇ, ನಿಮ್ಮ ನೆನಪಿನದಲ್ಲ. ಮೀಟರ್ ಕೆಟ್ಟರೆ ಅದೇ ವಾರ ಸರಿಮಾಡಿಸಿ, ಆ ದಿನದ ಓದನ್ನು ಜಾಬ್ ಕಾರ್ಡಿನಲ್ಲಿ (ವರ್ಕ್‌ಶಾಪಿನವರು ಗಾಡಿಯ ಕೆಲಸ ಬರೆಯುವ ಚೀಟಿ) ಬರೆಸಿ. ಮೀಟರ್ ನಿಂತ ಗಾಡಿಗೆ ವಾರಂಟಿ ಕೇಳಿದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತಾಗುತ್ತದೆ.

## ಹಂತ 4: ಏನೇನು ಬರುವುದಿಲ್ಲ ಎಂಬ ಪುಟ ಓದಿ

ಏನೇನು ಬರುತ್ತದೆ ಎಂಬ ಪುಟವನ್ನು ಶೋರೂಮಿನವರೇ ಓದಿ ಹೇಳುತ್ತಾರೆ. ಉಳಿದದ್ದು ನಿಮ್ಮ ಕೆಲಸ. ಪೆನ್ನು ಹಿಡಿದು ಕೂತು ಮೂರು ಗುಂಪು ಮಾಡಿ.

ಸವೆಯುವ ಭಾಗಗಳು. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಬೆಲ್ಟ್, ಹೋಸ್ ಪೈಪ್, ಫಿಲ್ಟರ್, ಬಲ್ಬು. ಇವು ಸಾಮಾನ್ಯವಾಗಿ ಯಾವ ವಾರಂಟಿಯಲ್ಲೂ ಬರುವುದಿಲ್ಲ. ಇದಕ್ಕೆ ಜಗಳ ಮಾಡಿ ಪ್ರಯೋಜನ ಇಲ್ಲ. ಆಯಿಲ್ ಸೀಲ್, ಬೇರಿಂಗ್, ಡೀಸೆಲ್ ಪಂಪ್, ಇಂಜೆಕ್ಟರ್, ಸ್ಟಾರ್ಟರ್ ಯಾವ ಪಟ್ಟಿಯಲ್ಲಿವೆ ಎಂದು ಮಾತ್ರ ಒಂದೊಂದಾಗಿ ಹುಡುಕಿ. ನಿಜವಾಗಿ ಜೇಬು ಸುಡುವುದು ಇವೇ.

ಬಳಕೆಯ ಷರತ್ತುಗಳು. ನಮ್ಮ ಭಾಗದವರ ಕ್ಲೇಮ್ ಬೀಳುವುದು ಇಲ್ಲಿ. "ಕೃಷಿ ಕೆಲಸಕ್ಕೆ ಮಾತ್ರ", "ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ", "ನಿಗದಿಗಿಂತ ಹೆಚ್ಚು ಭಾರ ಎಳೆದರೆ ರದ್ದು" ಎಂಬ ಅರ್ಥದ ಸಾಲುಗಳಿವೆಯೇ ನೋಡಿ. ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಕಟ್ಟುವವರು, ಮರಳು-ಖಡಿ ಹೇರುವವರು, ಮುಂದೆ ಡೋಜರ್ ಕಟ್ಟಿಸಿಕೊಂಡವರು ನೇರವಾಗಿ ಕೇಳಬೇಕು: "ನಾನು ಈ ಕೆಲಸ ಮಾಡ್ತೀನಿ. ವಾರಂಟಿ ನಡೆಯುತ್ತಾ?" ನಡೆಯುತ್ತದೆ ಎಂದರೆ ಅದೇ ಫಾರಂ ಮೇಲೆ ಬರೆಸಿ, ಸಹಿ-ಸಿಕ್ಕಾ ಹಾಕಿಸಿ. ಬರೆಯುವುದಿಲ್ಲ ಎಂದರೆ ತೆಗೆದುಕೊಳ್ಳಬೇಡಿ. ಹೆಚ್ಚು ತಾಸು ಓಡಿಸುವವರಿಗೇ ಇದರಿಂದ ಉಪಯೋಗ ಎಂದು ಮೇಲೆ ಹೇಳಿದೆ. ಹೆಚ್ಚು ತಾಸು ಓಡುವುದೇ ಬಾಡಿಗೆಯಿಂದ. ಅದೇ ಹೊರಗೆ ಎಂದಾದರೆ ಆ ಕಾಗದ ನಿಮ್ಮ ಪಾಲಿಗೆ ಖಾಲಿ ಕಾಗದ.

ಕೈ ಹಾಕಿದ ಕುರುಹು. ಡೀಸೆಲ್ ಪಂಪಿನ ಸೀಲ್ ಒಡೆದಿರುವುದು, ರೇಸ್ ಏರಿಸಿರುವುದು, ದೊಡ್ಡ ಟಯರ್ ಹಾಕಿರುವುದು, ವೈರಿಂಗ್ ಕತ್ತರಿಸಿ ಹೆಚ್ಚಿನ ಲೈಟು, ಸೌಂಡ್ ಬಾಕ್ಸ್ ಜೋಡಿಸಿರುವುದು. ಸೀಸನ್ನಿಗೆ ಮೊದಲು ಗಾಡಿ ಸಿಂಗರಿಸುವುದು ನಮ್ಮ ಹುಡುಗರಿಗೆ ಬಹಳ ಖುಷಿ, ಗೊತ್ತು. ಆದರೆ ಆಲ್ಟರ್ನೇಟರ್ ಸುಟ್ಟ ದಿನ ಅವರು ಮೊದಲು ನೋಡುವುದು ಆ ವೈರನ್ನೇ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ನಮ್ಮ ಕಾಕಾನ ಗಾಡಿಯ ಹೈಡ್ರಾಲಿಕ್ ಎತ್ತುವುದು ನಿಂತಿತು. ಬಿತ್ತನೆಯ ಅವಸರ. ಸರ್ವಿಸ್ ಗಾಡಿ ಬರಲು ಎರಡು ದಿನ ಎಂದರು. ಕಾಕಾ ಊರಿನ ಮಿಸ್ತ್ರಿಯನ್ನು ಕರೆದು ಮೇಲಿನ ಕವರ್ ಬಿಚ್ಚಿಸಿದರು. ಸರಿಹೋಗಲಿಲ್ಲ. ಮೂರನೇ ದಿನ ಬಂದ ಸರ್ವಿಸ್ ಹುಡುಗ ಬೋಲ್ಟಿನ ಮೇಲಿನ ಹೊಸ ಗೀರು ನೋಡಿ ಕೇಳಿದ ಮೊದಲ ಮಾತು: "ಕಾಕಾ, ಇದನ್ನ ಯಾರ ಬಿಚ್ಯಾರ್ರಿ?" ಅಲ್ಲಿಗೆ ಎಕ್ಸ್‌ಟೆಂಡೆಡ್ ವಾರಂಟಿ ಹೋಯಿತು. ಮಿಸ್ತ್ರಿ ತಪ್ಪು ಮಾಡಿರಲಿಲ್ಲ, ಪಂಪೇ ಹೋಗಿತ್ತು. ಆದರೆ ಅದನ್ನು ತೋರಿಸಿಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಗಾಡಿಯನ್ನು ವರ್ಕ್‌ಶಾಪಿಗೆ ಸಾಗಿಸುವ ಖರ್ಚು, ಮಿಸ್ತ್ರಿಯ ಕೂಲಿ, ಬದಲಿಸುವ ಆಯಿಲ್ ಇವೆಲ್ಲ ಯಾರ ತಲೆಗೆ ಎಂಬುದನ್ನೂ ಇದೇ ಪುಟದಲ್ಲಿ ಹುಡುಕಿ. ಗಾಡಿ ನಿಂತು ಬಿತ್ತನೆ ತಪ್ಪಿದ ನಷ್ಟವನ್ನು ವಾರಂಟಿ ಕೊಡುವುದಿಲ್ಲ. ಗಾಡಿ ಪಲ್ಟಿಯಾದರೆ, ಕಳುವಾದರೆ ಅದು ವಿಮೆಯ ವಿಷಯ. ಎರಡನ್ನೂ ಕಲಸಬೇಡಿ.

## ಹಂತ 5: ಕಾಗದ ಯಾರದ್ದು? ಗಡಿ ದಾಟಿದರೆ ನಡೆಯುತ್ತದಾ?

ಉಮದಿ, ಸಂಖದವರಿಗೆ ಸಾಂಗಲಿಗಿಂತ ವಿಜಯಪುರ ಹತ್ತಿರ. ಮಾತೂ ಕನ್ನಡ, ಪರಿಚಯವೂ ಜಾಸ್ತಿ. ಹಾಗಾಗಿ ಅಲ್ಲಿ ಗಾಡಿ ಕೊಂಡು ಇಲ್ಲಿ ನೋಂದಣಿ ಮಾಡಿಸುವವರಿದ್ದಾರೆ. ತಪ್ಪಿಲ್ಲ. ಆದರೆ ಎಕ್ಸ್‌ಟೆಂಡೆಡ್ ವಾರಂಟಿ ಯಾರ ಹೆಸರಿನಲ್ಲಿದೆ ಎಂಬುದು ಆಗ ಬಹಳ ಮುಖ್ಯವಾಗುತ್ತದೆ.

ಟ್ರ್ಯಾಕ್ಟರ್ ಕಂಪನಿಯದೇ ಯೋಜನೆ ಆಗಿದ್ದರೆ ಬೇರೆ ಊರಿನ ಅಧಿಕೃತ ಡೀಲರ್ ಹತ್ತಿರವೂ ನಡೆಯಬೇಕು. ಡೀಲರ್ ತಾನೇ ಕೊಡುವ ಭರವಸೆ ಆಗಿದ್ದರೆ ಅವನ ವರ್ಕ್‌ಶಾಪಿನಲ್ಲಿ ಮಾತ್ರ, ಅವನು ಡೀಲರ್ ಆಗಿ ಇರುವವರೆಗೆ ಮಾತ್ರ. ಮೂರನೆಯ ಕಂಪನಿಯದು ಆಗಿದ್ದರೆ ಕ್ಲೇಮ್ ಒಪ್ಪುವವರು ಎಲ್ಲೋ ಕೂತಿರುತ್ತಾರೆ. ರಸೀದಿಯ ಮೇಲೆ ಯಾರ ಹೆಸರು, ಯಾರ ಜಿಎಸ್‌ಟಿ ನಂಬರ್ ಇದೆ ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ನಿಮಗೆ ಹತ್ತಿರದ ಅಧಿಕೃತ ಸರ್ವಿಸ್‌ಗೆ ಹೋಗಿ, ಗಾಡಿ ಕೊಂಡ ಊರಿನ ಹೆಸರು ಹೇಳಿ ಕೇಳಿ: "ಈ ವಾರಂಟಿ ನೀವು ಮಾಡಿಕೊಡ್ತೀರಾ?" "ಕೊಂಡಲ್ಲೇ ಒಯ್ಯಿರಿ" ಎಂದು ಮುಖ ತಿರುಗಿಸಿದರೆ, ಕಾಗದದಲ್ಲಿ ಏನೇ ಬರೆದಿರಲಿ, ಅದು ನಿಮಗೆ ಮುಂದೆ ಆಗುವ ತೊಂದರೆಯ ಮುನ್ಸೂಚನೆ.

ಈಗ ದರ ಕೇಳಿ. ತೆರಿಗೆ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ. ಸಾಲದಲ್ಲಿ ಸೇರಿಸುತ್ತೇವೆ ಎಂದರೆ ಬೇಡ ಅನ್ನಿ. ಲೆಕ್ಕಕ್ಕೆ 15,000 ರೂಪಾಯಿ ಹಿಡಿಯೋಣ. ವರ್ಷಕ್ಕೆ ಶೇ 12 ಬಡ್ಡಿ, 5 ವರ್ಷ, ಆರು ತಿಂಗಳಿಗೊಂದು ಸಮ ಕಂತು. ಕೊನೆಗೆ ನೀವು ಕಟ್ಟುವುದು ಸುಮಾರು 20,380. ಮೂಲ ವಾರಂಟಿ ಇನ್ನೂ ನಡೆಯುತ್ತಿರುವಾಗಲೇ ಮುಂದಿನ ವಾರಂಟಿಗೆ ಬಡ್ಡಿ ಶುರುವಾಗಿರುತ್ತದೆ.

## ಹಂತ 6: ರಿಪೇರಿಯ ದರ ತೂಗಿ ನೋಡಿ

ನಂಬಿಕೆಯ ಒಬ್ಬ ಮಿಸ್ತ್ರಿಯನ್ನೂ ಬಿಡಿಭಾಗದ ಅಂಗಡಿಯನ್ನೂ ಕೇಳಿ ಮೂರು ಅಂಕಿ ಬರೆದುಕೊಳ್ಳಿ: ಹೈಡ್ರಾಲಿಕ್ ಪಂಪ್, ಡೀಸೆಲ್ ಪಂಪ್-ಇಂಜೆಕ್ಟರ್, ಗೇರ್‌ಬಾಕ್ಸ್ ಬಿಚ್ಚುವ ಕೆಲಸ. ನಿಮ್ಮ ಮಾಡೆಲ್ಲಿಗೇ ಕೇಳಬೇಕು. ಹಳೇ ಬಿಲ್ ನೋಡಿ ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಟಯರ್ ಮತ್ತು ಹಲವು ಬಿಡಿಭಾಗಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಹಳೇ ಬಿಲ್ ಹಿಡಿದರೆ ರಿಪೇರಿ ಇರುವುದಕ್ಕಿಂತ ದುಬಾರಿ ಕಾಣುತ್ತದೆ, ವಾರಂಟಿ ಅಗ್ಗ ಕಾಣುತ್ತದೆ.

ನಾನು ಇಟ್ಟುಕೊಂಡಿರುವ ಅಳತೆ ಇಷ್ಟು. ಯೋಜನೆಯಲ್ಲಿ ಬರುವ ಅತಿ ದುಬಾರಿ ರಿಪೇರಿಯೂ ಯೋಜನೆಯ ದರದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಅದೇ ರೊಕ್ಕವನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ಮಾಡಿ ಗಾಡಿಯ ಹೆಸರಿಗೆ ಇಡಿ. ಕ್ಲಚ್ ಪ್ಲೇಟಿಗೂ ಅದು ಬರುತ್ತದೆ, ವಾರಂಟಿ ಬರುವುದಿಲ್ಲ. ಆದರೆ ಅಂಥ ಒಂದೇ ಒಂದು ರಿಪೇರಿ ಬಂದರೆ ಸಾವಕಾರನ ಬಾಗಿಲಿಗೆ ಹೋಗಬೇಕಾದ ಸ್ಥಿತಿ ನಿಮ್ಮದಾಗಿದ್ದರೆ, ನಾಲ್ಕನೇ ಹಂತವೂ ಸರಿ ಇದ್ದರೆ, ತೆಗೆದುಕೊಳ್ಳಿ. ರಾತ್ರಿ ನಿದ್ದೆ ಬರುವುದಕ್ಕೂ ಬೆಲೆ ಇದೆ.

50 ಎಚ್‌ಪಿಗಿಂತ ದೊಡ್ಡ ಗಾಡಿಯ ಮಾತು ಬೇರೆ. 2023ರ ಜನವರಿಯಿಂದ ಈ ಗಾತ್ರದ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಹಾಗಾಗಿ ಇವುಗಳಲ್ಲಿ ಸಾಮಾನ್ಯವಾಗಿ ಕಾಮನ್ ರೈಲ್ ಇಂಜಿನ್ (ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನಿಯಂತ್ರಿಸುವ ಇಂಜಿನ್), ಸೆನ್ಸರ್, ಆ ಕಂಪ್ಯೂಟರ್ ಅಂದರೆ ಇಸಿಯು ಇರುತ್ತವೆ. ಊರಿನ ಮಿಸ್ತ್ರಿ ಸ್ಪ್ಯಾನರ್ ಹಿಡಿದು ಸರಿಮಾಡುವ ಕೆಲಸ ಇದಲ್ಲ. ಕಂಪ್ಯೂಟರ್ ಹಚ್ಚಿ ನೋಡಬೇಕು. ಇಸಿಯು, ಸೆನ್ಸರ್, ಇಂಜೆಕ್ಟರ್ ಮೂರೂ ಪಟ್ಟಿಯಲ್ಲಿದ್ದರೆ ಎಕ್ಸ್‌ಟೆಂಡೆಡ್ ವಾರಂಟಿಯ ಕಡೆಗೆ ನಾನು ವಾಲುತ್ತೇನೆ. ಇವುಗಳನ್ನೇ ಹೊರಗಿಟ್ಟಿದ್ದರೆ ಆ ಗಾಡಿಗೆ ಅದು ದಂಡ. ಡೀಸೆಲ್ಲಿನಲ್ಲಿ ನೀರು ಸೇರಿ ಕೆಟ್ಟರೆ ವಾರಂಟಿ ಸಿಗುವುದು ಕಷ್ಟ. ಹಾಗಾಗಿ ಕ್ಯಾನಿನಲ್ಲಿ ತಂದಿಟ್ಟ ಹಳೇ ಡೀಸೆಲ್ ಹಾಕಬೇಡಿ.

## ಹಂತ 7: ಸರ್ವಿಸ್ ಶಿಸ್ತು ನಿಮ್ಮಿಂದ ಆಗುತ್ತದಾ?

ಬಹಳಷ್ಟು ಗಾಡಿಗಳಿಗೆ ಮೊದಲ ಸರ್ವಿಸ್ 50 ತಾಸಿಗೆ, ಆಮೇಲೆ ಸುಮಾರು 250 ತಾಸಿಗೊಂದು. ನಿಮ್ಮ ಪುಸ್ತಕದಲ್ಲಿ ಇರುವುದೇ ಲೆಕ್ಕ. ಎಕ್ಸ್‌ಟೆಂಡೆಡ್ ಅವಧಿಯಲ್ಲಿ ಉಚಿತ ಸರ್ವಿಸ್ ಕೂಪನ್ ಮುಗಿದಿರುತ್ತವೆ, ಆದರೂ ಅಧಿಕೃತ ಕಡೆಯೇ, ಅವರ ಆಯಿಲ್ ಮತ್ತು ಫಿಲ್ಟರ್ ಹಾಕಿಸಿಯೇ ಮಾಡಿಸಬೇಕು ಎಂಬ ಷರತ್ತು ಸಾಮಾನ್ಯ. ಆ ಖರ್ಚನ್ನೂ ವಾರಂಟಿಯ ದರಕ್ಕೆ ಕೂಡಿಸಿ.

ಕಬ್ಬಿನ ಸೀಸನ್ ನಡುವೆ ಸರ್ವಿಸ್ ತಾಸು ಬಂದರೆ ಗಾಡಿ ನಿಲ್ಲಿಸುತ್ತೀರಾ? ಪ್ರಾಮಾಣಿಕವಾಗಿ ಉತ್ತರಿಸಿ. ಒಂದು ಸರ್ವಿಸ್ ತಪ್ಪಿದರೂ ತಿರಸ್ಕರಿಸಲು ಅವರಿಗೆ ಅಷ್ಟು ಸಾಕು. ನಿಲ್ಲಿಸಲು ಆಗುವುದಿಲ್ಲ ಎನ್ನುವವರು ವಾರಂಟಿಗೆ ರೊಕ್ಕ ಹಾಕದೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಲು ಹಾಕಿದರೆ ಗಾಡಿಗೆ ಹೆಚ್ಚು ಒಳ್ಳೆಯದು.

## ಹಂತ 8: ಕೊಂಡರೆ, ಅದೇ ವಾರ ಮಾಡಬೇಕಾದ್ದು

ಸರ್ಟಿಫಿಕೇಟಿನಲ್ಲಿ ಚಾಸಿಸ್ ನಂಬರ್, ಇಂಜಿನ್ ನಂಬರ್, ನಿಮ್ಮ ಹೆಸರು, ಶುರುವಾಗುವ ಮತ್ತು ಮುಗಿಯುವ ತಾರೀಖು, ತಾಸಿನ ಮಿತಿ ಸರಿ ಇವೆಯೇ ನೋಡಿ. ಒಂದು ಅಂಕಿ ತಪ್ಪಿದರೂ ತಿದ್ದಿಸಿ.

ಆಮೇಲೆ ಪುಸ್ತಕದ ಮೇಲಿರುವ ಕಂಪನಿಯ ಟೋಲ್ ಫ್ರೀ ನಂಬರಿಗೆ ನೀವೇ ಫೋನ್ ಮಾಡಿ. ಚಾಸಿಸ್ ನಂಬರ್ ಹೇಳಿ, ಎಕ್ಸ್‌ಟೆಂಡೆಡ್ ವಾರಂಟಿ ದಾಖಲಾಗಿದೆಯೇ ಕೇಳಿ. ರೊಕ್ಕ ತೆಗೆದುಕೊಂಡು ರಸೀದಿ ಕೊಟ್ಟು, ಕಂಪನಿಯ ಕಂಪ್ಯೂಟರಿನಲ್ಲಿ ಏರಿಸದೇ ಬಿಟ್ಟದ್ದು ನನ್ನ ಪರಿಚಯದವರೊಬ್ಬರಿಗೆ ಗೊತ್ತಾದದ್ದು ಎರಡೂವರೆ ವರ್ಷದ ಮೇಲೆ. ಐದು ನಿಮಿಷದ ಫೋನು ಅದು.

ಗಾಡಿ ಮಾರುವ ಯೋಚನೆ ಇದ್ದರೆ, ವಾರಂಟಿ ಹೊಸ ಮಾಲೀಕನ ಹೆಸರಿಗೆ ಹೋಗುತ್ತದೆಯೇ, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು ಎಂದೂ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಇದನ್ನೇ ಕೇಳಬೇಕು.

## ಹಂತ 9: ಗಾಡಿ ಕೆಟ್ಟ ದಿನ

ಇಂಜಿನ್ ಆಫ್ ಮಾಡಿ. ಯಾರೂ ಸ್ಪ್ಯಾನರ್ ಮುಟ್ಟಬಾರದು. ಅವರ್ ಮೀಟರಿನ, ಸೋರುವ ಜಾಗದ, ಡ್ಯಾಶ್‌ಬೋರ್ಡಿನ ಲೈಟಿನ ಫೋಟೋ ತೆಗೆಯಿರಿ. ಸದ್ದು ಬರುತ್ತಿದ್ದರೆ ಆಫ್ ಮಾಡುವ ಮೊದಲು ಸಣ್ಣ ವಿಡಿಯೋ. ಟೋಲ್ ಫ್ರೀಗೆ ದೂರು ಕೊಟ್ಟು ನಂಬರ್ ಬರೆದುಕೊಳ್ಳಿ. ಡೀಲರಿಗೆ ಬಾಯಿ ಮಾತಿನಲ್ಲಿ ಹೇಳಿದ್ದು ದೂರು ಅಲ್ಲ.

ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡಿನ ಪ್ರತಿ ಇಲ್ಲದೆ ಗಾಡಿ ಬಿಟ್ಟು ಬರಬೇಡಿ. ಬಿಚ್ಚುವಾಗ ನೀವೂ ಅಲ್ಲೇ ಇರಿ. ಬರುವುದಿಲ್ಲ ಎಂದರೆ, ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಕೆಟ್ಟ ಭಾಗ ನಿಮ್ಮ ಹತ್ತಿರವೇ ಇರಲಿ.

ಉತ್ತರ ಸರಿ ಅನಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಿಜಯಪುರದಲ್ಲಿ ಕೊಂಡ ಗಾಡಿಗೆ ಜತ್ತದವರು ಸಾಂಗಲಿಯಲ್ಲಿ, ಅಕ್ಕಲಕೋಟೆಯವರು ಸೋಲಾಪುರದಲ್ಲಿ ದಾಖಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 5ರಿಂದ 10 ಲಕ್ಷದೊಳಗಿದ್ದರೆ 200 ರೂಪಾಯಿ. ಬಾಡಿಗೆ ಹೊಡೆಯುವವರನ್ನು "ನೀವು ವ್ಯಾಪಾರಿ, ಗ್ರಾಹಕರಲ್ಲ" ಎಂದು ಹೆದರಿಸುವುದುಂಟು. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೆ ಕೊಂಡದ್ದನ್ನು ಕಾಯ್ದೆ ವ್ಯಾಪಾರದ ಉದ್ದೇಶ ಎಂದು ಲೆಕ್ಕ ಹಿಡಿಯುವುದಿಲ್ಲ. ದೂರಿಗೆ ಇರುವ ಅವಧಿ, ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಿರಸ್ಕಾರದ ಪತ್ರದ ಮೇಲಿನ ತಾರೀಖನ್ನು ಅದು ಕೈಗೆ ಬಂದ ದಿನವೇ ನೋಟ್‌ಬುಕ್ಕಿಗೆ ಏರಿಸಿ.